ಒಳಗಿದ್ದಾಗಿನ ರಕ್ತ

ಸೋಮಾರಿ ತಮ್ಮನಿಗೆ,

ನೀನು ಏಳುವಷ್ಟರಲ್ಲಿ ನಾನು ಲ್ಯಾಬ್‌ನಲ್ಲಿರುತ್ತೇನೆ. ಒಂದು ಚೊಂಬು ನೀರು ಕುಡಿದು ಇದನ್ನು ಓದು. ನೋವೇ ಇಲ್ಲ, ಇನ್ನು ಮಾತ್ರೆ ಯಾಕೆ ಎಂದು ಅಮ್ಮನ ಹತ್ತಿರ ರಾಗ ಎಳೆದೆಯಂತೆ. ನೋವಿಲ್ಲದಿರುವುದು ಆ ಮಾತ್ರೆಯಿಂದಲೇ ಕಣೋ!

ನಿನ್ನೆ ನಿನ್ನ ರಕ್ತವನ್ನು ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕುಡುಗೋಲಿನಂತೆ ಬಾಗಿ ನಿನಗೆ ನೋವು ಕೊಡುವ ಕಣಗಳು ಅಲ್ಲೊಂದು ಇಲ್ಲೊಂದು. ಉಳಿದವೆಲ್ಲ ದೊಡ್ಡದಾಗಿ, ದುಂಡಗೆ ಕೂತಿದ್ದವು. ಬೇರೆ ಯಾರದೋ ಸ್ಲೈಡ್ ಕೊಟ್ಟಿದ್ದೀಯ ಎಂದು ಜೊತೆಯವಳ ಮೇಲೆ ಹಾರಾಡಿದೆ. ಅವಳು ಅದರ ಮೇಲಿನ ಹೆಸರು ತೋರಿಸಿದಳು. ನಿನ್ನದೇ!

ಹೊಟ್ಟೆಯಲ್ಲಿರುವ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ. ಅದಿದ್ದರೆ ಕಣ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಹುಟ್ಟಿದ ಮೇಲೆ ಅದು ಕರಗುತ್ತಾ ಹೋಗುತ್ತದೆ. ನಿನ್ನ ಮಾತ್ರೆ ಅದನ್ನೇ ಮತ್ತೆ ಎಬ್ಬಿಸಿದೆ! ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಬಿಳಿ ರಕ್ತಕಣಗಳು ಮಾತ್ರ ಸ್ವಲ್ಪ ಇಳಿದಿವೆ, ಅದೂ ಮಾತ್ರೆಯದೇ ಕೆಲಸ. ಈಗಿನಷ್ಟೇ ಮುಂದುವರಿಸಲಿ, ಮುಂದಿನ ವಾರ ಮತ್ತೆ ನೋಡೋಣ ಎಂದರು ಡಾಕ್ಟರ್. ಜ್ವರ ಬಂದರೆ ಮುಸುಕು ಹಾಕಿ ಮಲಗಬೇಡ, ತಕ್ಷಣ ಫೋನ್ ಮಾಡು.

ನಿನಗೆ ಕಣ ಬಾಗುವ ಈ ಸಿಕಲ್ ಸೆಲ್ ಕಾಯಿಲೆ ಬಂದದ್ದು ತನ್ನಿಂದಲೇ ಎಂದು ಅಮ್ಮ ಇಷ್ಟು ವರ್ಷ ಕೊರಗಿದ್ದು ನಿನಗೂ ಗೊತ್ತು. ಅಪ್ಪನದೂ ಅರ್ಧ ಪಾಲು ಇದೆ ಎಂದರೆ ಕೇಳುವವಳಲ್ಲ. ನಿನ್ನೆ ರಾತ್ರಿ ಅವಳು ಊಟ ಬಡಿಸುವಾಗ ಇದನ್ನೆಲ್ಲ ಹೇಳಿದೆ. ಸೌಟು ಹಿಡಿದ ಕೈ ಹಾಗೇ ನಿಂತಿತು.

"ಹಾಗಾದ್ರೆ ನನ್ನೊಳಗೆ ಇದ್ದಾಗ ಚೆನ್ನಾಗೇ ಇದ್ನಾ ಇವನು?" ಅಂದಳು.

ಇವತ್ತಿನ ಮಾತ್ರೆಯನ್ನು ಅವಳ ಎದುರಿಗೇ ನುಂಗು.

ಅಕ್ಕ