ಇಂಚರಳ ಮೂರು ಹನಿ

ಬಾದಾಮಿ ಮೇಲೂರು
2218ರ ಫೆಬ್ರವರಿ 30

ಸ್ಪ್ರೆಡ್‌ಶೀಟ್ ಕಲಿಯಲು ಈಗಷ್ಟೇ ಕುಳಿತಿರುವ ಮಕ್ಕಳೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ಒರಟೆನಿಸಿದರೆ ಕ್ಷಮಿಸಿ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಆದರೂ ಬುದ್ಧಿ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ.

ಇಲ್ಲಿ ವರ್ಷಕ್ಕೆ ಏಳು ತಿಂಗಳು ಕೆಂಧೂಳು ಬೀಸುತ್ತದೆ. ಬಾಗಿಲ ಸಂದಿಗೆ ಒದ್ದೆ ಗೋಣಿ ಸಿಕ್ಕಿಸಿಯೇ ಊಟಕ್ಕೆ ಕೂರುತ್ತೇವೆ. ಮಕ್ಕಳ ಎದೆ ಕಟ್ಟದಿರಲೆಂದು ವಾರಕ್ಕೊಮ್ಮೆ ನಾಲಿಗೆಗೆ ಉಸಿರೆಣ್ಣೆ ಹಾಕುತ್ತೇವೆ. ಅದು ಬಂಡೆಯ ಪಾಚಿಯಿಂದ ತೆಗೆದ ಮದ್ದು. ತೂಕಕ್ಕೆ ತಕ್ಕಷ್ಟೇ ಹನಿ. ಹೆಚ್ಚಾದರೆ ಉಸಿರೇ ನಿಧಾನವಾಗುತ್ತದೆ. ಊರಿನ ಅರವತ್ತು ಮಕ್ಕಳ ಹೆಸರು, ತೂಕ, ಹನಿ, ಮೂರೂ ಒಂದು ಶೀಟಿನಲ್ಲಿವೆ. ನೀವು ಕಲಿಯುವಂಥದ್ದೇ ಶೀಟು: ಮೇಲಿಂದ ಕೆಳಗೆ ಕಾಲಮ್, ಅಡ್ಡಕ್ಕೆ ಸಾಲು, ಒಂದೊಂದು ಸಾಲಿಗೆ ಒಂದೊಂದು ಮಗು.

ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ ದವಾಖಾನೆಯ ಖಾಜಾಬಿ ನನಗೆ ಶೀಟು ಕಲಿಸಿದಳು. ನಾಲ್ಕು ವಾರ ಸರಿಯಾಗಿಯೇ ನಡೆಯಿತು. ಐದನೆಯ ವಾರ, ಹೆಸರುಗಳು ಅಕ್ಷರದ ಸರದಿಯಲ್ಲಿದ್ದರೆ ಹುಡುಕಲು ಸುಲಭವೆಂದು, ಹೆಸರಿನ ಕಾಲಮ್ ಒಂದನ್ನೇ ಹಿಡಿದು ಸಾರ್ಟ್ ಒತ್ತಿದೆ. ಪಕ್ಕದ ಕಾಲಮ್‌ಗಳನ್ನೂ ಸೇರಿಸಲೇ ಎಂದು ಶೀಟು ಕೇಳಿತು. ಕೆಲಸದ ನಡುವೆ ಬಾಯಿ ಹಾಕುವವರನ್ನು ಕಂಡರೆ ನನಗಾಗದು. ಪೂರ್ತಿ ಓದದೆ ಬೇಡ ಎಂದು ಒತ್ತಿದೆ.

ಹೆಸರುಗಳು ಎದ್ದು ಬೇರೆ ಸಾಲಿಗೆ ಹೋದವು. ತೂಕ, ಹನಿ ಇದ್ದಲ್ಲೇ ಉಳಿದವು.

ಹನಿ ಹಾಕುವವರು ಮೊದಲು ತಮ್ಮ ಮನೆಯ ಮಗುವಿಗೆ ಹಾಕಿ ತೋರಿಸಬೇಕು, ಆಮೇಲೆಯೇ ಊರವರ ಮಕ್ಕಳು. ಇದು ನಮ್ಮ ರೂಢಿ. ನನ್ನ ಮೊಮ್ಮಗಳು ಇಂಚರ ನಾಲ್ಕು ವರ್ಷದವಳು. ಅವಳ ಹೆಸರಿನ ಮುಂದೆ ಹನ್ನೆರಡು ಹನಿ ಎಂದಿತ್ತು. ಅವಳದು ಮೂರೇ ಎಂದು ನನ್ನ ಕೈಗೆ ಗೊತ್ತಿತ್ತು, ಕೈ ತಡೆಯಿತು ಕೂಡ. ಓದಿದವರು ಮಾಡಿದ ಶೀಟಿಗಿಂತ ನನಗೇನು ತಿಳಿದೀತು ಎಂದುಕೊಂಡು ಹಾಕಿಬಿಟ್ಟೆ.

“ಆಯಿ, ಇವತ್ತ ಭಾಳ ಕಹಿ ಐತಿ,” ಎಂದಳು.

“ಸುಮ್ನ ನುಂಗು,” ಎಂದೆ.

ಸ್ವಲ್ಪ ಹೊತ್ತಿಗೆ ಅವಳು ನನ್ನ ತೊಡೆಯ ಮೇಲೆ ಒರಗಿದಳು, ಎಬ್ಬಿಸಿದರೆ ಏಳಲಿಲ್ಲ. ಖಾಜಾಬಿ ಓಡಿಬಂದು ಶೀಟು ನೋಡಿದಳು. “ನೀಲವ್ವ, ಬರೇ ಹೆಸರಷ್ಟ ಸರಿಸೀಯಲ್ಲ, ಅಳತಿ ಅಲ್ಲೇ ಕುಂತಾವ.” ಒಂದು ಗುಂಡಿ ಒತ್ತಿದ್ದೇ ತಡ, ಹೆಸರುಗಳೆಲ್ಲ ತಮ್ಮ ಜಾಗಕ್ಕೆ ಮರಳಿದವು. ನುಂಗಿದ ಹನಿಯನ್ನು ಮರಳಿಸುವ ಗುಂಡಿ ಎಲ್ಲಿದೆ?

ಎರಡು ದಿನ ಅವಳ ಎದೆ ಏರಿಳಿಯುವುದನ್ನೇ ಎಣಿಸುತ್ತ ಕುಳಿತೆ. ಮೂರನೆಯ ಬೆಳಗ್ಗೆ ಕಣ್ಣು ಬಿಟ್ಟು ಗಂಜಿ ಕೇಳಿದಳು. ಅವಳಿಗೆ ಉಣಿಸಿ, ಎದ್ದು ಹೋಗಿ, ಶೀಟಿನ ಹಲಗೆಯನ್ನು ಖಾಜಾಬಿಯ ಮಡಿಲಿಗೆ ಹಾಕಿದೆ.

“ತಗೊ. ನನ್ನ ಕೈಲಿ ಆಗಾಂಗಿಲ್ಲ.”

“ಈ ತಪ್ಪು ಮತ್ತ ಜಲ್ಮದಾಗ ಮಾಡಲಾರದಾಕಿ ಅಂದ್ರ ಊರಾಗ ನೀ ಒಬ್ಬಾಕೀನ. ಕುಂಡ್ರು.”

ಕುಳಿತೆ.

ಮಕ್ಕಳೇ, ಸಾರ್ಟ್ ಮಾಡುವ ಮುಂಚೆ ಇಡೀ ಪಟ್ಟಿಯನ್ನು ಹಿಡಿಯಿರಿ. ಒಂದು ನಕಲು ತೆಗೆದಿಡಿ. ಶೀಟು ಒಂದು ಹೇಳಿ ನಿಮ್ಮ ಕೈ ಇನ್ನೊಂದು ಹೇಳಿದರೆ ನಿಲ್ಲಿಸಿ, ಗೊತ್ತಿದ್ದವರನ್ನು ಕೇಳಿ. ದಡ್ಡರು ಎಂದರೆ ಅನ್ನಲಿ.

ಇಂಚರ ಈಗ ಅಕ್ಷರ ಕಲಿಯುತ್ತಿದ್ದಾಳೆ. ಹನಿಯ ದಿನ ನನ್ನ ಪಕ್ಕ ಕುಳಿತು, ಶೀಟು ಕೇಳುವುದನ್ನೆಲ್ಲ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಒಂದು ಸಾಲಿಗೆ ಒಂದು ಗಳಿಗೆ ಹಿಡಿಯುತ್ತದೆ. ಹೊರಗೆ ತಾಯಂದಿರು ತಡವಾಯಿತೆಂದು ಕೂಗುತ್ತಾರೆ. ಅವಳು ಓದಿ ಮುಗಿಸುವತನಕ ನಾನು ಏನನ್ನೂ ಒತ್ತುವುದಿಲ್ಲ.

ನಿಮ್ಮ
ನೀಲಗಂಗವ್ವ