ಮೂರು ಗೀರಿನ ಇಕ್ಕಳ

ಬೋಸ್, ಕೆಬೆಕ್
ಬುಧವಾರ, 23 ಮಾರ್ಚ್ 1994

ಪ್ರೀತಿಯ ತಂಗಿ ಕ್ಲೆಮಾನ್ಸ್,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಹುಟ್ಟುಹಬ್ಬಕ್ಕೆ ತಲುಪಬೇಕಿದ್ದ ಕಾಗದ ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ರಸ ಈ ವರ್ಷ ಬೇಗ ಇಳಿಯಿತು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಒಳ್ಳೆಯ ಬಿಸಿಲು. ಮೇಪಲ್ ಮರಗಳಿಗೆ ಬೇರೇನು ಬೇಕು? ರಸ ಕುದಿಸಿದ ಮೊದಲ ಪಾಕ ತಿಳಿಜೇನಿನ ಬಣ್ಣಕ್ಕೆ ಬಂದಿದೆ, ನಿನಗೆಂದು ಎರಡು ಡಬ್ಬಿ ಎತ್ತಿಟ್ಟಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಚಳಿಯನ್ನು ಬೈದುಕೋ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯೇನೋ. ಫೋನ್ ಇರುವುದು ಅಡುಗೆಮನೆಯಲ್ಲಿ, ನಿನ್ನ ಅತ್ತಿಗೆ ಇವೆಟ್ ಇರುವುದೂ ಅಲ್ಲೇ. ಈ ವಿಷಯ ಅವಳ ಕಿವಿಗೆ ಬೀಳುವುದು ಬೇಡ.

ನಮ್ಮ ಕಾಡಿನಲ್ಲಿ ಏನೋ ನಡೆಯುತ್ತಿದೆ. ರಸ ಇಳಿಯಲು ಶುರುವಾದಾಗಿನಿಂದ ಪಂಪಿನ ಗೇಜಿನ ಮುಳ್ಳು ಮೇಲೇರುತ್ತಲೇ ಇರಲಿಲ್ಲ. ಮರದಿಂದ ಮರಕ್ಕೆ ಕಟ್ಟಿದ ರಸದ ಕೊಳವೆಗಳಿಗೆ ಎಲ್ಲೋ ಗಾಳಿ ಸೇರುತ್ತಿದೆ ಎಂದೇ ಅರ್ಥ. ಗಾಳಿ ಸೇರಿದರೆ ಪಂಪು ರಸ ಎಳೆಯುವುದಿಲ್ಲ, ನಿನಗೆ ಹೇಳಬೇಕಾಗಿಲ್ಲ. ಮೊದಲು ಅಳಿಲಿನ ಕೆಲಸ ಅಂದುಕೊಂಡೆ. ಆದರೆ ಅಳಿಲು ಕಡಿದರೆ ಹಲ್ಲಿನ ತೂತು ಇರುತ್ತದೆ. ಇಲ್ಲಿ ತೂತಿರಲಿಲ್ಲ. ಕೆಳಗಿನ ಸಾಲಿನಲ್ಲಿ ಅಲ್ಲಲ್ಲಿ ಕೊಳವೆ ಜಾಯಿಂಟಿನಿಂದಲೇ ಕಳಚಿಕೊಂಡು ನೇತಾಡುತ್ತಿತ್ತು. ಅಳಿಲಿಗೆ ಕೈಯಿಲ್ಲ. ಬೇಲಿಯಾಚೆಯ ಫಿಲಿಯಾಸ್‌ಗೆ ಇದೆ.

ಶನಿವಾರ ಬೇಲಿಯ ಹತ್ತಿರ ಸಿಕ್ಕ. "ಟ್ಯಾಂಕು ತುಂಬಿತೇನೋ?" ಎಂದು ಕೇಳಿದೆ.

"ನಂದು ತುಂಬ್ತು. ನಿಂದು ಯಾಕೋ ತುಂಬ್ಲಿಲ್ವಂತೆ?"

"ಯಾರಂದ್ರು?"

"ನಿನ್ನ ಪಾಕದ ಒಲೆಯ ಚಿಮಣಿ. ಮಧ್ಯಾಹ್ನಕ್ಕೇ ಹೊಗೆ ನಿಂತೋಗಿತ್ತು." ಆಮೇಲೆ, ಏನೂ ಸಂಬಂಧವಿಲ್ಲದಂತೆ, "ನಾಳೆ ಪೂಜೆಗೆ ಹೋಗ್ತೀಯ ತಾನೆ?" ಅಂದ.

"ರಸ ಇಳಿಯೋವಾಗ ಚರ್ಚಿಗಾ? ಪಾದ್ರಿಗಳೇ ಇದಕ್ಕೆ ಬೈಯಲ್ಲ."

"ಹೋಗಯ್ಯ, ಹೋಗು. ನಿನ್ನ ಪಾಪಕ್ಕೆ ಒಂದು ಪೂಜೆ ಎಲ್ಲಿ ಸಾಲುತ್ತೆ?" ಎಂದು ನಕ್ಕು ಹೊರಟುಹೋದ. ನಾನು ಎಲ್ಲಿರುತ್ತೇನೆ ಎನ್ನುವುದು ಅವನಿಗೇಕೆ?

ಮಾರನೆಯ ಬೆಳಿಗ್ಗೆ ನೋಡಿದರೆ ಇವೆಟ್ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ಕೋಟು ಹಾಕ್ಕೋ. ಪೂಜೆಗೆ ಹೊತ್ತಾಯ್ತು."

"ರಸ ಇಳೀತಿದೆ ಕಣೇ!"

"ಇಳೀಲಿ ಬಿಡು. ಹೋದ ವರ್ಷ ದೇವರನ್ನ ಕೇಳ್ದೆ ಇಳೀತು, ಈ ವರ್ಷ ಕೇಳಿ ಇಳೀಲಿ."

ಮದುವೆಯಾದಾಗಿನಿಂದ ರಸ ಇಳಿಯುವ ದಿನ ಪಾಕದ ಒಲೆ ಬಿಟ್ಟು ಕದಲಿದವಳಲ್ಲ ಅವಳು. ಪೂಜೆ ಮುಗಿದ ಮೇಲೂ ಚರ್ಚಿನ ಮೆಟ್ಟಿಲ ಮೇಲೆ ನಿಂತು ಊರವರನ್ನೆಲ್ಲ ಮಾತಾಡಿಸಿದಳು, ತನಗಾಗದವರನ್ನೂ ಸೇರಿಸಿ. ಮನೆಗೆ ಬಂದು ಗೇಜ್ ನೋಡುತ್ತೇನೆ, ಮುಳ್ಳು ಮೇಲೇರಿ ಅಲುಗಾಡದೆ ನಿಂತಿದೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಿಚ್ಚುವವನು ಅರ್ಥವಾಗುತ್ತಾನೆ. ಕದ್ದು ಬಂದು ಕಟ್ಟಿಹೋಗುವವನಿಗೆ ಏನು ಬೇಕಾಗಿರುತ್ತದೆ?

ಶನಿವಾರ ರಾತ್ರಿ ಹೊಸ ಹಿಮ ಬಿದ್ದಿತ್ತು. ಅದರ ಮೇಲೆ ಯಾರೋ ಕಾಲು ಹೂಳದಂತೆ ಬಲೆಮೆಟ್ಟು ಹಾಕಿಕೊಂಡು ಫಿಲಿಯಾಸನ ಬೇಲಿಯಿಂದ ನಮ್ಮ ಕೆಳಗಿನ ಸಾಲಿಗೆ ನಡೆದು, ಬಂದ ದಾರಿಯಲ್ಲೇ ತಿರುಗಿಹೋಗಿದ್ದರು. ಬಿಚ್ಚಿದ್ದ ಜಾಯಿಂಟುಗಳನ್ನಷ್ಟೇ ಅಲ್ಲ, ಬಿಚ್ಚದವುಗಳನ್ನೂ ಕತ್ತರಿಸಿ ಹೊಸದಾಗಿ ಕೂರಿಸಿದ್ದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಪ್ರತಿ ಜಾಯಿಂಟಿನ ಎರಡೂ ಬದಿಗೆ, ಕೊಳವೆಯ ಮೇಲೆ, ಮೂರು ಗೀರು.

ಹಾಗೆ ಗೀರು ಬೀಳಿಸುವ ಇಕ್ಕಳ ನೀನು ಎರಡೇ ಎರಡು ಮಾಡಿದ್ದು. ಒಂದು ಸರಳಿಗೆ ಎರಡು ಇಕ್ಕಳಗಳನ್ನು ಎದುರುಬದುರಾಗಿ ಬೆಸೆದು, ಬಾಯಿಯನ್ನು ಕೊಳವೆಯ ಗಾತ್ರಕ್ಕೆ ಕೊರೆದು, ಹಿಡಿ ಒತ್ತಿದರೆ ಎರಡು ಕಡೆಯ ಕೊಳವೆಯೂ ಒಟ್ಟಿಗೆ ಜಾಯಿಂಟಿನ ಮೇಲೆ ಹತ್ತಿ ಕೂರುವ ಹಾಗೆ. ಅಂಗಡಿಯದು ಅದರ ಮುಂದೆ ಆಟಿಕೆ. ಕೊಳವೆ ಜಾರದಿರಲೆಂದು ಬಾಯಿಯೊಳಗೆ ನೀನೇ ಗೀರು ಹಾಕಿದ್ದೆ: ನನ್ನದಕ್ಕೆ ಎರಡು, ನಿನ್ನದಕ್ಕೆ ಮೂರು. "ಅದಲುಬದಲಾಗಿ ಜಗಳ ಆಗೋದು ಬೇಡಣ್ಣ" ಅಂದಿದ್ದೆ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ನಿನ್ನ ಇಕ್ಕಳವನ್ನು ಫಿಲಿಯಾಸ್‌ಗೆ ಕೊಟ್ಟೆಯಾ? ಅಥವಾ ಅವನ ಅಂಗಳದಲ್ಲಿ ಗಾಡಿ ನಿಲ್ಲಿಸಿ ನೀನೇ ಬಂದಿದ್ದೆಯಾ? ಒಡಹುಟ್ಟಿದವನ ಕಾಡಿಗೆ ಕಳ್ಳಳ ಹಾಗೆ ಬರುವಂಥದ್ದೇನಾಗಿದೆ? ನಿನ್ನೆ ಊಟದ ಹೊತ್ತಿಗೆ, "ಕ್ಲೆಮಾನ್ಸ್ ಈ ಕಡೆ ಬಂದಿದ್ಲಾ?" ಎಂದು ಇವೆಟ್‌ಳನ್ನು ಕೇಳಿದೆ. ಅವಳು ಬಟಾಣಿ ಸೂಪಿಗೆ ಎರಡನೇ ಸಲ ಉಪ್ಪು ಹಾಕಿ, "ಯಾವ ಕ್ಲೆಮಾನ್ಸ್?" ಅಂದಳು.

ನಮಗಿರುವುದು ಒಬ್ಬಳೇ ಕ್ಲೆಮಾನ್ಸ್.

ಬೆಸುಗೆ ಹಾಕುವಾಗ ಕಣ್ಣಿಗೆ ಗಾಜು ಹಾಕಿಕೊಳ್ಳುವುದನ್ನು ಮರೆಯಬೇಡ. ಈಸ್ಟರ್‌ಗೆ ಬಾ; ಪಾಕದಲ್ಲಿ ಬೇಯಿಸಿದ ಮೊಟ್ಟೆ ನಿನಗಿಷ್ಟ ಎಂದು ನಿನ್ನ ಅತ್ತಿಗೆ ಈಗಲೇ ಎಣಿಸಿ ತೆಗೆದಿಡುತ್ತಿದ್ದಾಳೆ. ದೇವರು ನಿನ್ನ ಕೈಯನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಣ್ಣ,
ರೊಸೇರ್

ಮತ್ತೆ: ಕಾಗದ ಮಡಚುವ ಮುಂಚೆ ಇನ್ನೊಮ್ಮೆ ಕಾಡಿಗೆ ಹೋಗಿಬಂದೆ. ಈ ವರ್ಷ ಮೇಲಿನ ಸಾಲನ್ನು ಕಟ್ಟಿದವಳು ಇವೆಟ್, ಕೆಳಗಿನದನ್ನು ಕಟ್ಟಿದವನು ನಾನು. ಇಬ್ಬರೂ ಬಳಸಿದ್ದು ಎರಡು ಗೀರಿನ ಅದೇ ಇಕ್ಕಳ. ಅವಳು ಕಟ್ಟಿದ ಒಂದನ್ನೂ ನೀನು ಮುಟ್ಟಿಲ್ಲ. ನನ್ನವನ್ನೆಲ್ಲ ಬದಲಿಸಿದ್ದೀಯ. ತೊರೆಯ ಪಕ್ಕ ನನ್ನದೊಂದು ನಿನ್ನ ಕಣ್ಣು ತಪ್ಪಿ ಉಳಿದಿತ್ತು. ಎರಡು ಬೆರಳಲ್ಲಿ ಎಳೆದೆ, ಕಳಚಿ ಬಂತು. ಥರ್ಮಾಸಿನ ಬಿಸಿನೀರಿನಲ್ಲಿ ಕೊಳವೆಯನ್ನು ಅದ್ದಿ ಮೆತ್ತಗೆ ಮಾಡಿ ಮತ್ತೆ ಕೂರಿಸಲು ನೋಡಿದೆ. ಹಿಡಿ ಅರ್ಧಕ್ಕೆ ಬಂದು ನಿಂತಿತು. ಬಲಗೈ ಮುಷ್ಟಿ ಮುಚ್ಚುತ್ತಿಲ್ಲ, ಕ್ಲೆಮಾನ್ಸ್. ಎಲೆ ಉದುರುವ ಕಾಲದಿಂದಲೂ ಹೀಗೇ. ಕೈಗವಸು ದಪ್ಪವಾಯಿತು ಎಂದುಕೊಂಡಿದ್ದೆ. ಯಾರೂ ಬಿಚ್ಚಿರಲಿಲ್ಲ. ನಾನು ಕಟ್ಟೇ ಇರಲಿಲ್ಲ.

ನಿನಗೆ ಗೊತ್ತಿತ್ತು, ಇವೆಟ್‌ಗೆ ಗೊತ್ತಿತ್ತು. ಫಿಲಿಯಾಸ್‌ಗೂ ಹೇಳಿದಿರಲ್ಲ, ಅದನ್ನು ನುಂಗಲು ಆಗುತ್ತಿಲ್ಲ. ಇನ್ನು ಮೇಲೆ ನನ್ನನ್ನು ಚರ್ಚಿಗೆ ಅಟ್ಟಬೇಡಿ. ನನಗೊಂದು ಹೊಸ ಇಕ್ಕಳ ಮಾಡು. ಒಂದು ಹಿಡಿ ಉದ್ದವಿರಲಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೊಂದನ್ನು ಎಡಗೈಯಿಂದ ಎಳೆಯುವ ಹಾಗೆ. ಬಾಯಿಯಲ್ಲಿ ನಾಲ್ಕು ಗೀರು ಹಾಕು. ಮುಂದಿನ ವರ್ಷ ಸಾಲಿನುದ್ದಕ್ಕೂ ನಡೆದು ಒಂದೊಂದು ಜಾಯಿಂಟಿನ ಗೀರನ್ನೂ ಎಣಿಸಿ ನೋಡುತ್ತೇನೆ.