ಒಂಟಿಯಾಗಿ ಇಳಿಯುವಂತಿಲ್ಲ

ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೯

ನನ್ನ ಚಿಪ್ಪಿಗೆ,

ನಿನ್ನ ಏಡಿಯ ಬಿಗಿ ಅಪ್ಪುಗೆ. ಇಷ್ಟು ಬರೆದು, ಹೊಡೆದುಹಾಕಲೋ ಅಂದುಕೊಂಡೆ. ನೀನು ‘ಮಾನ್ಯರೇ’ ಎಂದು ಬರೆದಿರುವಾಗ ನಾನು ಹಳೆಯ ಅಡ್ಡಹೆಸರು ಹಿಡಿದು ಕರೆಯಬಹುದೋ ಇಲ್ಲವೋ ಎಂಬ ಅನುಮಾನ. ನಿಮ್ಮ ಪ್ರವಾಸ ಕಚೇರಿಯ ಪತ್ರ ಬಂದದ್ದು ನಮ್ಮ ಡೈವಿಂಗ್ ಅಂಗಡಿಯ ಹೆಸರಿಗೆ. ಅಂಗಡಿ ಯಜಮಾನರು ಅದನ್ನು ನನ್ನ ಮುಂದೆ ಹಾಕಿ, “ನಿನ್ ಗೆಳತೀದೇ ನೋಡು. ದ್ವೀಪದಲ್ಲಿ ಏನೇನಿದೆ, ಜನ ಯಾಕ್ ಬರ್ಬೇಕು ಅಂತ ಬರ್ದು ಕಳಿಸ್ಬೇಕಂತೆ. ನೀನೇ ಬರಿ” ಅಂದರು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತೊಟ್ಟಿಯಲ್ಲಿ ಪ್ರವಾಸಿಗರ ರಬ್ಬರ್ ಸೂಟುಗಳನ್ನು ಮೂಗು ಮುಚ್ಚಿಕೊಂಡು ತೊಳೆದವಳಿಗೆ ನಾನೀಗ ಮಾನ್ಯರು! ಇರಲಿ, ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಮೂಗೆಳೆಯಲು ಶುರು ಮಾಡುತ್ತೇನೆ, ನೀನು ನೆಗಡಿಯಾ ಅಂತ ಕೇಳುತ್ತೀಯ.

ಮೊದಲು ಕೆಲಸದ ಮಾತು. ನಿನ್ನ ಗಿರಾಕಿಗಳಿಗೆ ಹೇಳು, ಇಲ್ಲಿ ನೀರು ಎಷ್ಟು ತಿಳಿಯೆಂದರೆ ದೋಣಿಯಲ್ಲಿ ಕೂತೇ ತಳದ ಮರಳಿನ ಗೆರೆಗಳು ಕಾಣುತ್ತವೆ. ಇಳಿದರೆ ಬೆಚ್ಚಗಿರುತ್ತದೆ. ಹವಳದ ಗೋಡೆಯಿಂದ ಶುರು ಮಾಡಲಿ. ಅಲ್ಲಿ ಕಾಲ ಕೆಳಗೆ ನೆಲ ಇದ್ದಕ್ಕಿದ್ದ ಹಾಗೆ ಮುಗಿದುಹೋಗಿ ಕಡುನೀಲಿ ಶುರುವಾಗುತ್ತದಲ್ಲ, ಆ ಅಂಚಿಗೆ ಬಂದಾಗ ಎಂಥ ಗಂಡೆದೆಯವನೂ ಒಮ್ಮೆ ಪಕ್ಕದವರ ಕೈ ಹುಡುಕುತ್ತಾನೆ. ಭಾವನವರು (ನಿನಗೆ ಬೇಜಾರಾದರೂ ನಾನು ಹಾಗೇ ಕರೆಯುತ್ತೇನೆ) ಹುಡುಕಿದ್ದು ನಿನ್ನ ಕೈಯನ್ನೇ, ಆಮೇಲೆ ಬಿಡಲೇ ಇಲ್ಲ. ಮೀನು ನೋಡಲು ಬಂದವರು ನಮ್ಮ ಅಂಗಡಿಯ ಒಳ್ಳೆಯ ಮಾರ್ಗದರ್ಶಿಯನ್ನೇ ಮದುವೆಯಾಗಿ ಎತ್ತಿಕೊಂಡು ಹೋದರು. ಇದನ್ನು ಜಾಹೀರಾತಿಗೆ ಹಾಕಬೇಡ.

ಆಮೇಲೆ ನಮ್ಮ ಕ್ಷೌರದಂಗಡಿ. ದೊಡ್ಡ ಮೀನುಗಳು ಸರತಿಯಲ್ಲಿ ಬಂದು ಬಾಯಿ ತೆರೆದು ನಿಲ್ಲುವುದು, ಬೆರಳುದ್ದದ ಮೀನುಗಳು ಒಳಗೆ ನುಗ್ಗಿ ಹಲ್ಲು, ಕಿವಿರು ಎಲ್ಲ ಉಜ್ಜಿ ಹೊರಬರುವುದು ಈಗಲೂ ನಡೆದಿದೆ. ಬೇರೆ ಕಡೆ ಗುಳುಂ ಮಾಡುವ ಬಾಯಿ ಅಲ್ಲಿ ಮಾತ್ರ ಸುಮ್ಮನಿರುತ್ತದೆ. ತೊರಕೆ ಮೀನುಗಳೂ ಬರುತ್ತಿವೆ, ಕಂಬಳಿ ಕೊಡವಿದ ಹಾಗೆ ತಲೆಯ ಮೇಲೆ ಹಾದುಹೋಗುತ್ತವೆ. ಮುಳುಗಿದ ಹಡಗಿನ ಅಡುಗೆಮನೆಯಲ್ಲಿ ಅದೇ ಮುದಿ ಗೊಣಗಪ್ಪ ಮೀನು ಒಲೆಯ ಪಕ್ಕ ಕೂತು ಬಂದವರನ್ನೆಲ್ಲ ದುರುಗುಟ್ಟಿ ನೋಡುತ್ತದೆಯಂತೆ. ಆಮೆಗಳು ಹುಲ್ಲು ಮೇಯುತ್ತಿವೆಯಂತೆ.

‘ಅಂತೆ’ ಅಂದೆನಲ್ಲ. ನೀನು ಓದುವಾಗ ಅಲ್ಲೇ ನಿಲ್ಲುತ್ತೀಯ, ನನಗೆ ಗೊತ್ತು. ಹೌದು, ಈಗ ನಾನು ನೀರಿಗೆ ಇಳಿಯುತ್ತಿಲ್ಲ. ನೋಡಿ ಬಂದವರ ಒದ್ದೆ ಟವೆಲು ಎತ್ತಿಡುತ್ತಾ ಅವರ ಬಾಯಿಂದ ಕೇಳುತ್ತೇನೆ.

ಆದದ್ದು ಇಷ್ಟು. ಒಬ್ಬರೇ ಇಳಿಯುವಂತಿಲ್ಲ, ಜೋಡಿ ಬೇಕೇ ಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಒಬ್ಬರ ಸಿಲಿಂಡರಿನ ಪಟ್ಟಿ ಇನ್ನೊಬ್ಬರು ಎಳೆದು ನೋಡಬೇಕು, ಒಬ್ಬರಿಗೆ ಎಷ್ಟು ಗಾಳಿ ಉಳಿದಿದೆಯೆಂದು ಇನ್ನೊಬ್ಬರು ಕೇಳಬೇಕು, ಕಣ್ಣಳತೆ ಬಿಟ್ಟು ಹೋಗಬಾರದು. ನೀನು ಹೋದಮೇಲೆ ಯಜಮಾನರು ನನಗೆ ದಿನಕ್ಕೊಬ್ಬ ಪ್ರವಾಸಿಗನನ್ನು ಜೋಡಿ ಮಾಡಿದರು. ಬೆಳಿಗ್ಗೆ ಪರಿಚಯ, ಮಧ್ಯಾಹ್ನ ಟಾಟಾ. ಏನಾದರೂ ಚಂದದ್ದು ಕಂಡರೆ ನಾನು ಅಭ್ಯಾಸಬಲದಿಂದ ನೀನಿರುತ್ತಿದ್ದ ಎಡಕ್ಕೆ ತಿರುಗಿ ಬೆರಳು ತೋರಿಸುತ್ತಿದ್ದೆ. ಅಲ್ಲಿ ಬರೀ ನೀರು. ನಗಬೇಡ, ಅಷ್ಟು ಹೊತ್ತಿಗೆ ಬಲಗಡೆಯಿದ್ದ ಪಾಪದ ಮನುಷ್ಯ ನನ್ನ ಬೆನ್ನು ನೋಡುತ್ತಿರುತ್ತಿದ್ದ.

ಕಳೆದ ತಿಂಗಳು ನನ್ನ ಜೊತೆ ಒಬ್ಬರು ನಿವೃತ್ತ ಮೇಷ್ಟ್ರು ಇಳಿದಿದ್ದರು. ಹವಳದ ಗೋಡೆಯ ಹತ್ತಿರ ಬೇರೆ ದೋಣಿಯ ಹೆಂಗಸೊಬ್ಬಳು ಎದುರಾದಳು. ಕಾಲಿಗೆ ಹಳದಿ ಈಜುರೆಕ್ಕೆ. ಎಡಗಾಲು ಸ್ವಲ್ಪ ಸೋಮಾರಿಯಾಗಿ ಬಡಿಯುವುದು, ಕೈಕಟ್ಟಿಕೊಂಡು ತೇಲುವುದು, ಎಲ್ಲ ನಿನ್ನ ಹಾಗೇ. ನೀನಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಅವಳ ಹಿಂದೆ ಹೋದೆ ಚಿಪ್ಪಿ. ಅವಳು ತಿರುಗಿ, ಯಾರಮ್ಮ ನೀನು ಎಂಬಂತೆ ಕೈಯಾಡಿಸಿದಾಗ ಎಚ್ಚರವಾಯಿತು. ಮೇಷ್ಟ್ರು ಎಲ್ಲೂ ಇಲ್ಲ. ಹುಡುಕಿ ಮೇಲೆ ಬಂದರೆ ಅವರು ದೋಣಿಯ ಹಗ್ಗ ಹಿಡಿದುಕೊಂಡು ತೇಲುತ್ತಿದ್ದರು. “ನಾನೇನಾದ್ರೂ ತಪ್ ಮಾಡಿದ್ನೇನಮ್ಮ, ಬಿಟ್ ಹೋದ್ರಲ್ಲ” ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರೂ ಬೈಯಲಿಲ್ಲ, ನೀರಿಗಿಳಿಯುವುದು ಬೇಡವೆಂದು ಅಂಗಡಿಯ ಮೇಜಿಗೆ ಕೂರಿಸಿದರು. ಸೀಸನ್ ಮುಗಿಯುವುದರೊಳಗೆ ಅನುಭವಸ್ಥರೊಬ್ಬರು ನನ್ನ ಜೋಡಿಯಾಗಿ ಇಳಿದು, ಇವಳನ್ನು ನಂಬಬಹುದು ಎಂದು ಹೇಳಬೇಕಂತೆ. ಇಲ್ಲದಿದ್ದರೆ ನನಗೆ ಕಾಯಂ ಆಗಿ ಈ ಮೇಜೇ ಗತಿ. ಇಲ್ಲಿಯ ಹೊಸ ಮಾರ್ಗದರ್ಶಿಗಳು ಒಳ್ಳೆಯವರೇ, ಆದರೆ ನನ್ನ ಹೆಸರು ಬಂದಾಗ ಎಲ್ಲರಿಗೂ ಸಿಲಿಂಡರ್ ತುಂಬಿಸುವ ತುರ್ತು ಕೆಲಸ ನೆನಪಾಗುತ್ತದೆ. ಮನೆ ಸುಟ್ಟವಳು ನೆರೆಮನೆಗಾದರೂ ಹೋಗಬಹುದು, ನೀರಿನಿಂದ ಎತ್ತಿ ಹೊರಗಿಟ್ಟ ಏಡಿ ಎಲ್ಲಿಗೆ ಹೋಗಬೇಕು ಹೇಳು? ಊಟದ ಹೊತ್ತಿಗೆ ದೋಣಿಗಳು ಬಂದಾಗ ಎಲ್ಲರ ಮುಖದ ಮೇಲೂ ಮಾಸ್ಕಿನ ಗುರುತು. ನನ್ನದು ಮಾತ್ರ ಒಣಗಿದ ಮುಖ. ಕೋಣೆಗೆ ಬಂದರೆ ನಿನ್ನ ಮಂಚದ ಮೇಲೆ ಬಟ್ಟೆ ಮಡಚಿಡುತ್ತೇನೆ, ಖಾಲಿ ಕಾಣಬಾರದೆಂದು. ತುಂಬಾ ಒಂಟಿಯಾಗಿಬಿಟ್ಟಿದ್ದೇನೆ ಕಣೆ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಗಿರಾಕಿಗಳ ಗುಂಪಿನ ಜೊತೆ ನೀನೂ ಬಾ. ಒಂದೇ ಒಂದು ಸಲ ನನ್ನ ಜೊತೆ ಇಳಿ. ಭಾವನವರಿಗೆ ಕಚೇರಿ ಕೆಲಸ ಅಂತ ಹೇಳು, ಸುಳ್ಳೂ ಆಗುವುದಿಲ್ಲ. ನಾನು ನಿನ್ನಿಂದ ಒಂದು ಮೊಳ ಆಚೆ ಹೋಗುವುದಿಲ್ಲ. ಆಮೇಲೆ ನೀನು ಯಜಮಾನರ ಮುಂದೆ ನಿಂತು ನಿಜವನ್ನೇ ಹೇಳು. ನಂಬಲಾಗದು ಅನ್ನಿಸಿದರೆ ಹಾಗೇ ಹೇಳು, ನಿನ್ನ ಬಾಯಿಂದಾದರೆ ಕೇಳಿಸಿಕೊಳ್ಳುತ್ತೇನೆ.

ನಿನ್ನ ದಾರಿ ಕಾಯುವ,
ಏಡಿ

ಮ.ವಿ.: ಲಕೋಟೆ ಅಂಟಿಸುವಾಗ ಯಜಮಾನರು ಬಂದರು. ನೀನು ಬರುತ್ತೀಯ, ನನ್ನ ಜೊತೆ ಇಳಿಯುತ್ತೀಯ ಎಂದು ಜಂಬದಿಂದ ಹೇಳಿದೆ. ಅವರು ನನ್ನ ಮುಖ ನೋಡಿ, “ಅವ್ಳೆಲ್ ಇಳೀತಾಳೆ, ಬಸುರಿ ಅಲ್ವಾ? ಅವ್ಳ್ ಗಂಡ ಫೋನಲ್ಲಿ ಹೇಳಿದ್ರಲ್ಲ, ನಿಂಗ್ ಗೊತ್ತಿಲ್ವಾ?” ಅಂದರು. ಗೊತ್ತು ಅಂದೆ. ಬಸುರಿಯರು ಸಮುದ್ರದಡಿಗೆ ಹೋಗಬಾರದೆಂದು ಎಷ್ಟು ಜನರನ್ನು ನಾವೇ ದಡದಲ್ಲಿ ಕೂರಿಸಿದ್ದೇವೆ! ನನಗೆ ನೀನೇ ಹೇಳಬೇಕಿತ್ತು ಚಿಪ್ಪಿ. ಹೋಗಿ ಸ್ವಲ್ಪ ಅತ್ತು ಬಂದೆ. ಸಂತೋಷಕ್ಕೂ ಇರಬಹುದು, ಪೂರ್ತಿ ಅದಕ್ಕೇ ಅಲ್ಲ. ನೀನು ಇಳಿಯಬೇಡ. ನೀವೇ ನನ್ನ ಜೋಡಿಯಾಗಿ ಇಳಿಯಿರಿ ಎಂದು ನಾಳೆ ಯಜಮಾನರನ್ನೇ ಕೇಳುತ್ತೇನೆ, ಒಪ್ಪಿದರೆ ಒಪ್ಪಲಿ. ಆದರೂ ನೀನು ಬಾ, ಬಂದು ದೋಣಿಯಲ್ಲಿ ಕೂತಿರು. ನಾವು ಮೇಲೆ ಬಂದಾಗ ದೋಣಿಯವನು ತಲೆ ಎಣಿಸುತ್ತಾನೆ, ಲೆಕ್ಕ ಸರಿಯಾದರೆ ಎಂಜಿನ್ ಶುರು ಮಾಡುತ್ತಾನೆ. ನೀನು ಹೋದಮೇಲೆ ಆ ತಲೆಗಳಲ್ಲಿ ನನ್ನದು ಯಾವುದು ಎಂದು ಯಾರೂ ಹುಡುಕಿಲ್ಲ.